ನುಡಿಯನ್ನು ನಂಬುವುದು, ನಂಬಿಕೆಯನ್ನು ಒರೆಗೆ ಹಚ್ಚುವುದು

'ಮಾತು ಬಿಡ ಮಂಜುನಾಥ' ಎಂಬ ಮಾತು ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಿಂದ ಹೊರಟು ಇಡೀ ಕನ್ನಡ ನಾಡಿನಲ್ಲಿ ಹರಡಿದೆ. ಅಲ್ಲಿ ಆಡಿದ ಮಾತಿಗೆ, ಇಟ್ಟ ಆಣೆಗೆ ತಪ್ಪಬಾರದು ಎಂಬ ಭಯಭಕ್ತಿ ಜನರಲ್ಲಿದೆ. ನ್ಯಾಯಾಲಯದಲ್ಲಿ ಮುಗಿಯದ ತಕರಾರು ಅಲ್ಲಿ ಮುಗಿದದ್ದುಂಟು. ಕೋಲ, ನೇಮಗಳಲ್ಲಿ ದೈವ ನುಡಿ ಕೊಡುವಾಗ ಮನೆಯ ಹಿರಿಯರಿಂದ ಮಕ್ಕಳವರೆಗೆ ಎಲ್ಲರೂ ಕಿವಿಗೊಟ್ಟು ನಿಲ್ಲುತ್ತಾರೆ. ತುಳುವರು ದೈವಗಳನ್ನು ಕರೆಯುವುದೇ 'ಸತ್ಯೊಲು' ಎಂದು. ಮೂಡುಬಿದಿರೆಯ ಬಸದಿಯಲ್ಲಿ ಧವಲಾ ಗ್ರಂಥಗಳ ತಾಳೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ಜೈನ ಪರಂಪರೆಯಿದೆ. ಒಟ್ಟಿನಲ್ಲಿ ನೇತ್ರಾವತಿಯ ದಂಡೆಯಿಂದ ಘಟ್ಟದ ಬುಡದವರೆಗಿನ ಈ ನೆಲದಲ್ಲಿ ದೇವರ ಮಾತು ಎಂಬುದು ಹಗುರವಾದ ವಿಷಯವಲ್ಲ.

ಇದೇ ನೆಲದಲ್ಲಿ ಕ್ರೈಸ್ತರೂ ತಲೆಮಾರುಗಳಿಂದ ಬಾಳುತ್ತಿದ್ದಾರೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ಊರುಗಳ ಸುತ್ತಮುತ್ತ ಕೊಂಕಣಿ ಮಾತನಾಡುವ ಕಥೋಲಿಕರಿದ್ದಾರೆ, ಬಾಸೆಲ್ ಮಿಶನ್ ಪರಂಪರೆಯ ತುಳು-ಕನ್ನಡ ಪ್ರೊಟೆಸ್ಟೆಂಟರಿದ್ದಾರೆ, ಕೇರಳದಿಂದ ಬಂದು ನೆಲೆಸಿದ ಸಿರೋ-ಮಲಬಾರ್ ಸಭೆಯವರಿದ್ದಾರೆ. ದೇವರ ವಾಕ್ಯವನ್ನು ನಂಬಬೇಕು ಎಂದು ಮೂವರೂ ಹೇಳುತ್ತಾರೆ. ತನ್ನ ನಂಬಿಕೆ ನಿಜವೋ ಪೊಳ್ಳೋ ಎಂದು ಪ್ರತಿಯೊಬ್ಬನೂ ಪರೀಕ್ಷಿಸಿಕೊಳ್ಳಬೇಕು ಎಂದೂ ಮೂವರೂ ಹೇಳುತ್ತಾರೆ. ಮೇಲ್ನೋಟಕ್ಕೆ ಇವೆರಡು ಒಂದಕ್ಕೊಂದು ವಿರುದ್ಧವೆಂದು ತೋರಬಹುದು. ನಂಬಿದ ಮೇಲೆ ಪರೀಕ್ಷೆ ಏಕೆ? ಪರೀಕ್ಷಿಸಿ ನೋಡುವವನು ನಂಬಿದವನು ಹೇಗಾದಾನು? ಈ ಪ್ರಶ್ನೆಗೆ ಇಲ್ಲಿನ ಕ್ರೈಸ್ತರ ಚರಿತ್ರೆಯೇ ಒಂದು ಉತ್ತರ ಕೊಡುತ್ತದೆ.

ಮೂರು ಶಬ್ದಗಳು

ಒಂದೇ ಭಾವಕ್ಕೆ ಇಲ್ಲಿ ಬೇರೆ ಬೇರೆ ಶಬ್ದಗಳಿವೆ. ಪ್ರೊಟೆಸ್ಟೆಂಟರ ಕನ್ನಡ 'ಸತ್ಯವೇದ'ದಲ್ಲಿ ಬಳಕೆಯಾದ ಶಬ್ದ ನಂಬಿಕೆ. ಕಥೋಲಿಕರ ಕನ್ನಡದಲ್ಲಿ ಅದು ವಿಶ್ವಾಸ. ಕರಾವಳಿಯ ಕೊಂಕಣಿಯಲ್ಲಿ ಭಾವಾಡ್ತ್, ಶ್ರದ್ಧೆಯುಳ್ಳವನು ಭಾವಾಡ್ತಿ. ಹಾಗೆಯೇ ಒಬ್ಬರು ಸುವಾರ್ತೆ ಎಂದರೆ ಮತ್ತೊಬ್ಬರು ಶುಭಸಂದೇಶ ಎನ್ನುತ್ತಾರೆ. ಒಬ್ಬರು ಅಪೊಸ್ತಲರು ಎಂದರೆ ಮತ್ತೊಬ್ಬರು ಪ್ರೇಷಿತರು ಎನ್ನುತ್ತಾರೆ. ಶಬ್ದ ಬೇರೆಯಾದರೂ ಗ್ರಂಥ ಒಂದೇ. ಆದರೆ ಶಬ್ದದ ಛಾಯೆ ಸ್ವಲ್ಪ ಬೇರೆ. ನಂಬಿಕೆ ಎಂದಾಗ ಒಬ್ಬರ ಮೇಲೆ ಭಾರ ಹಾಕುವ ಅರ್ಥ ಮುಂದೆ ಬರುತ್ತದೆ. ಭಾವಾಡ್ತ್ ಎಂದಾಗ ಹೃದಯದ ಭಾವ ಮುಂದೆ ಬರುತ್ತದೆ. ಈ ಎರಡೂ ಕೂಡಿದಾಗಲೇ ಕ್ರೈಸ್ತ ಧರ್ಮ ಹೇಳುವ ವಿಶ್ವಾಸ ಪೂರ್ಣವಾಗುತ್ತದೆ.

ದೇವರ ವಾಕ್ಯ ಎಂಬ ಮಾತಿಗೂ ಒಂದಕ್ಕಿಂತ ಹೆಚ್ಚು ಅರ್ಥಗಳಿವೆ. ಸಾಮಾನ್ಯವಾಗಿ ಅದು ಬೈಬಲ್ ಗ್ರಂಥ. ಯೋವಾನ್ನನ ಸುವಾರ್ತೆಯ ಆರಂಭದಲ್ಲಿ ಕ್ರಿಸ್ತನನ್ನೇ ವಾಕ್ಯ ಎಂದು ಕರೆಯಲಾಗಿದೆ. ಇಗರ್ಜಿಯಲ್ಲಿ ಓದಿ ವಿವರಿಸುವ ಪ್ರಬೋಧನೆಯೂ ವಾಕ್ಯವೇ. ಆದುದರಿಂದ ವಾಕ್ಯವನ್ನು ನಂಬುವುದೆಂದರೆ ಪುಸ್ತಕದಲ್ಲಿ ಬರೆದದ್ದಕ್ಕೆ ಹೌದು ಎಂದು ತಲೆಯಾಡಿಸುವುದಷ್ಟೇ ಆಗುವುದಿಲ್ಲ. ಮಾತು ಕೊಟ್ಟವನು ಮಾತಿಗೆ ತಪ್ಪುವುದಿಲ್ಲ ಎಂದು ತಿಳಿದು ಅದರ ಮೇಲೆ ಬದುಕನ್ನು ನಿಲ್ಲಿಸುವುದು ಎಂದು ಅರ್ಥ. ಬೈಬಲಿನಲ್ಲಿ ಇದಕ್ಕೆ ಕೊಡುವ ಮೊದಲ ಉದಾಹರಣೆ ಅಬ್ರಹಾಮ. ಎಲ್ಲಿಗೆ ಹೋಗುತ್ತೇನೆಂದು ತಿಳಿಯದೆಯೇ, ಮಾತನ್ನು ನಂಬಿ ಊರು ಬಿಟ್ಟು ಹೊರಟವನು ಅವನು.

ಅದೇ ಗ್ರಂಥ ಪರೀಕ್ಷೆಯ ಮಾತನ್ನೂ ಹೇಳುತ್ತದೆ. ಸಂತ ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಕೊನೆಯ ಅಧ್ಯಾಯದಲ್ಲಿ, ನೀವು ವಿಶ್ವಾಸದಲ್ಲಿ ಇದ್ದೀರೋ ಎಂದು ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿ ಎಂಬ ಬುದ್ಧಿವಾದವಿದೆ. ಮೊದಲನೆಯ ಪತ್ರದಲ್ಲಿ, ಪ್ರಭುವಿನ ಭೋಜನದಲ್ಲಿ ಪಾಲು ತೆಗೆದುಕೊಳ್ಳುವ ಮುನ್ನ ಆತ್ಮಪರೀಕ್ಷೆ ಮಾಡಿಕೊಳ್ಳಬೇಕೆಂದು ಹೇಳಿದೆ. ಬೆರೋಯ ಎಂಬ ಪಟ್ಟಣದವರು ಪೌಲನ ಉಪದೇಶವನ್ನು ಕೇಳಿ ಸುಮ್ಮನಾಗದೆ, ಅದು ಹೌದೋ ಅಲ್ಲವೋ ಎಂದು ದಿನವೂ ಗ್ರಂಥಗಳನ್ನು ಬಿಡಿಸಿ ನೋಡುತ್ತಿದ್ದರು. ಅದಕ್ಕಾಗಿ ಅವರನ್ನು ಹೊಗಳಲಾಗಿದೆ, ತೆಗಳಿಲ್ಲ. ಮಾರ್ಕನ ಸುವಾರ್ತೆಯಲ್ಲಿ ಮಗನ ಕಾಯಿಲೆಗಾಗಿ ಬಂದ ತಂದೆಯೊಬ್ಬ, ತನಗೆ ನಂಬಿಕೆ ಇದೆ, ಆದರೆ ಸಾಲದು, ಆ ಕೊರತೆಯನ್ನು ನೀಗಿಸು ಎಂದು ಬೇಡಿಕೊಳ್ಳುತ್ತಾನೆ. ಅವನನ್ನು ಬರಿಗೈಯಲ್ಲಿ ಕಳುಹಿಸಲಿಲ್ಲ. ಅಂದರೆ ಪರೀಕ್ಷೆ ನಡೆಯಬೇಕಾದುದು ಮಾತು ಕೊಟ್ಟವನದ್ದಲ್ಲ, ಮಾತು ಕೇಳಿದವನದ್ದು.

ಗ್ರಂಥವಿಲ್ಲದ ಹದಿನೈದು ವರ್ಷ

ಬಂಟ್ವಾಳ ತಾಲೂಕಿನ ಫರಂಗಿಪೇಟೆಯ ಹೆಸರಿನಲ್ಲೇ ಪೋರ್ಚುಗೀಸರ ನೆನಪಿದೆ. ಅಲ್ಲಿನ ಮೊಂತೆ ಮರಿಯಾನೊ ಆಶ್ರಮವನ್ನು ಫ್ರಾನ್ಸಿಸ್ಕನ್ ಸನ್ಯಾಸಿಗಳು 1526ರಲ್ಲಿ ಸ್ಥಾಪಿಸಿದರೆಂಬುದು ಪರಂಪರೆಯಿಂದ ಬಂದ ಮಾತು. ಮುಂದೆ ಗೋವೆಯಿಂದ ತಂಡ ತಂಡವಾಗಿ ಬಂದ ಕೊಂಕಣಿ ಕ್ರೈಸ್ತರು ಕೆಳದಿ ಅರಸರ ಆಳ್ವಿಕೆಯಲ್ಲಿ ಇಲ್ಲಿ ಬೇಸಾಯಗಾರರಾಗಿ ನೆಲೆಸಿದರು. ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಗೆ ಒಯ್ಯುವ ಪದ್ಧತಿ ಈ ಬೇಸಾಯದ ಬದುಕಿನ ಕುರುಹು.

ಈ ಸಮುದಾಯದ ನಂಬಿಕೆ ಅತಿ ಕಠಿಣವಾದ ಪರೀಕ್ಷೆಗೆ ಗುರಿಯಾದದ್ದು 1784ರಲ್ಲಿ. ಎರಡನೆಯ ಮೈಸೂರು ಯುದ್ಧದಲ್ಲಿ ಇವರು ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನನು ಕೆನರಾದ ಕ್ರೈಸ್ತರನ್ನು ಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಎಷ್ಟು ಮಂದಿ ಹೋದರು ಎಂಬ ಬಗ್ಗೆ ಇತಿಹಾಸಕಾರರ ಲೆಕ್ಕಗಳು ಒಂದಕ್ಕೊಂದು ಹೊಂದುವುದಿಲ್ಲ. ಪಾದ್ರಿಗಳನ್ನು ಗಡಿಪಾರು ಮಾಡಲಾಯಿತು, ಇಗರ್ಜಿಗಳನ್ನು ಕೆಡವಲಾಯಿತು. ಮೂಡುಬಿದಿರೆ ಬಳಿಯ ಹೊಸಬೆಟ್ಟಿನ ಹೋಲಿ ಕ್ರಾಸ್ ಇಗರ್ಜಿ ಮಾತ್ರ ಚೌಟ ಅರಸರ ಕೃಪೆಯಿಂದ ಉಳಿಯಿತೆಂದು ಹೇಳುತ್ತಾರೆ. ಚೌಟರು ಜೈನರು. ಬೇರೆ ಧರ್ಮದ ಒಬ್ಬ ಅರಸನ ಮಾತು ಒಂದು ಇಗರ್ಜಿಯನ್ನು ಕಾಯಿತು ಎಂಬ ಈ ನೆನಪನ್ನು ಈ ಭಾಗದ ಕ್ರೈಸ್ತರು ಇಂದಿಗೂ ಕೃತಜ್ಞತೆಯಿಂದ ಹೇಳಿಕೊಳ್ಳುತ್ತಾರೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಳಿದುಳಿದವರು ಊರಿಗೆ ಮರಳಿದರು. ಸೆರೆಯ ಕಾಲದಲ್ಲಿ ಪಾದ್ರಿಯಿಲ್ಲ, ಪೂಜೆಯಿಲ್ಲ. ಉಳಿದದ್ದು ಬಾಯಿಪಾಠವಾಗಿದ್ದ ಪ್ರಾರ್ಥನೆ, ಮನಸ್ಸಿನಲ್ಲಿ ಉಳಿದ ಮಾತು. ಅನೇಕರು ಬಲವಂತಕ್ಕೆ ಸಿಕ್ಕಿ ಮತ ಬದಲಿಸಿದ್ದರು. ಮರಳಿ ಬಂದ ಅಂಥವರನ್ನು ಏನೆಂದು ಕರೆಯಬೇಕು? ನಂಬಿಕೆ ಬಿಟ್ಟವರೆಂದೇ, ನಂಬಿಕೆಯನ್ನು ಒಳಗೆ ಬಚ್ಚಿಟ್ಟವರೆಂದೇ?

ಕ್ರೈಸ್ತ ಸಭೆಗೆ ಈ ಪ್ರಶ್ನೆ ಹೊಸತಲ್ಲ. ಕ್ರಿ.ಶ. 250ರಲ್ಲಿ ರೋಮನ್ ಚಕ್ರವರ್ತಿ ದೇಸಿಯಸ್, ಎಲ್ಲರೂ ರೋಮಿನ ದೇವತೆಗಳಿಗೆ ಬಲಿ ಅರ್ಪಿಸಬೇಕೆಂದು ಆಜ್ಞೆ ಹೊರಡಿಸಿದಾಗ ಅನೇಕ ಕ್ರೈಸ್ತರು ಜೀವಭಯದಿಂದ ಅರ್ಪಿಸಿದರು. ಹಿಂಸೆ ನಿಂತ ಮೇಲೆ ಅವರು ಮತ್ತೆ ಸಭೆಯ ಬಾಗಿಲು ತಟ್ಟಿದರು. ಕೆಲವರು ಬಾಗಿಲು ತೆರೆಯಲೇಬಾರದು ಎಂದರು. ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಮತ್ತು ಇತರರು ಪಶ್ಚಾತ್ತಾಪ ಪಟ್ಟವರನ್ನು ಪ್ರಾಯಶ್ಚಿತ್ತದ ಬಳಿಕ ಸೇರಿಸಿಕೊಳ್ಳಬೇಕು ಎಂದರು. ಆ ಅಭಿಪ್ರಾಯವೇ ಗೆದ್ದಿತು. ಕೆನರಾದಲ್ಲಿಯೂ ಮರಳಿದವರನ್ನು ಸೇರಿಸಿಕೊಂಡೇ ಇಗರ್ಜಿಗಳು ಮತ್ತೆ ಎದ್ದವು. ಕತ್ತಿಯ ಎದುರಲ್ಲಿ ತುಟಿ ಆಡಿದ ಮಾತಿನಿಂದ ನಂಬಿಕೆಯನ್ನು ಅಳೆಯಲಾಗದು ಎಂಬ ವಿವೇಕ ಇದರಲ್ಲಿದೆ. ಈ ವಿವೇಕ ಒಂದು ಧರ್ಮಕ್ಕೆ ಮೀಸಲಾದುದಲ್ಲ. ಯಾವ ಮತದವರ ಮೇಲೆ ಬಲವಂತ ನಡೆದರೂ ಅನ್ವಯಿಸುವಂಥದು.

ದರ್ಶನದ ಗ್ರಂಥ, ಓದಿನ ಗ್ರಂಥ

ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿದ್ದ ಧವಲಾ, ಜಯಧವಲಾ, ಮಹಾಧವಲಾ ಗ್ರಂಥಗಳು ದಿಗಂಬರ ಜೈನರಿಗೆ ಪರಮ ಪವಿತ್ರ. ತಾಳೆಗರಿಯ ಮೇಲೆ ಹಳೆಯ ಕನ್ನಡ ಲಿಪಿಯಲ್ಲಿ ಬರೆದ ಈ ಪ್ರತಿಗಳು ಬಹುಕಾಲ ಭಕ್ತರ ದರ್ಶನಕ್ಕೆ ಮಾತ್ರ ಸಿಗುತ್ತಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವುಗಳ ನಕಲು ಮಾಡುವ ಕೆಲಸ ಆರಂಭವಾಗಿ, 1939ರಲ್ಲಿ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾಗಿ ಹೊರಬಂದಿತು. ಪೂಜಿಸುವ ಗ್ರಂಥ ಓದುವ ಗ್ರಂಥವೂ ಆಯಿತು.

ಬೈಬಲಿನ ಕಥೆಯೂ ಇದಕ್ಕೆ ತೀರ ದೂರವಲ್ಲ. ಕಥೋಲಿಕ ಇಗರ್ಜಿಗಳಲ್ಲಿ ಪೂಜೆ ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿತ್ತು. ಬಂಟ್ವಾಳದ ರೈತನ ಕಿವಿಗೆ ಅದು ಬೀಳುತ್ತಿತ್ತು, ಅರ್ಥ ಆಗುತ್ತಿರಲಿಲ್ಲ. ಅರ್ಥ ಆಗುವ ಮಾತು ದೊತೊರ್ನ್ ಎಂಬ ಧರ್ಮಬೋಧೆಯ ಪಾಠದಲ್ಲಿ, ಪಾದ್ರಿಯ ಪ್ರಸಂಗದಲ್ಲಿ ಸಿಗುತ್ತಿತ್ತು. ಥಾಮಸ್ ಸ್ಟೀಫನ್ಸ್ ಎಂಬ ಜೆಸುಯಿತ್ ಪಾದ್ರಿ ಗೋವೆಯಲ್ಲಿ ಮರಾಠಿ ಓವಿಗಳಲ್ಲಿ ರಚಿಸಿ 1616ರಲ್ಲಿ ಅಚ್ಚು ಮಾಡಿಸಿದ 'ಕ್ರಿಸ್ತಪುರಾಣ' ಇನ್ನೊಂದು ದಾರಿ. ಸೃಷ್ಟಿಯಿಂದ ಯೇಸುವಿನ ಪುನರುತ್ಥಾನದವರೆಗಿನ ಕಥೆ ಅದರಲ್ಲಿ ಪುರಾಣದ ಧಾಟಿಯಲ್ಲಿ ಬಂದಿದೆ. ಆ ಕೃತಿ ಜೋಸೆಫ್ ಸಲ್ಡಾನಾ ಅವರ ಸಂಪಾದನೆಯಲ್ಲಿ 1907ರಲ್ಲಿ ಮಂಗಳೂರಿನಲ್ಲಿ ಮತ್ತೆ ಅಚ್ಚಾಯಿತು.

ಗ್ರಂಥವನ್ನೇ ಜನರ ಕೈಗೆ ಕೊಡಬೇಕೆಂಬ ಹಟ ಪ್ರೊಟೆಸ್ಟೆಂಟರದು. ಕನ್ನಡ ಬೈಬಲಿನ ಅನುವಾದ ಕಾರ್ಯ ಬಳ್ಳಾರಿಯಲ್ಲಿ ನಡೆಯಿತು. 1810ರಲ್ಲಿ ಅಲ್ಲಿಗೆ ಬಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಅದರ ಮುಖ್ಯ ಅನುವಾದಕ. 1834ರಲ್ಲಿ ಬಾಸೆಲ್ ಮಿಶನ್ನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಇಲ್ಲಿನ ಜನರ ಮನೆಮಾತು ತುಳು ಎಂದು ಅವರಿಗೆ ಬೇಗನೆ ತಿಳಿಯಿತು. ಗ್ರೈನರ್ ಮತ್ತು ಅಮ್ಮನ್ ಅವರ ಪರಿಶ್ರಮದಿಂದ 1847ರಲ್ಲಿ ತುಳು ಹೊಸ ಒಡಂಬಡಿಕೆ ಕಲ್ಲಚ್ಚಿನಲ್ಲಿ ಸಿದ್ಧವಾಯಿತು. ತುಳುವನ್ನು ಕನ್ನಡ ಲಿಪಿಯಲ್ಲಿ ಅಚ್ಚು ಮಾಡುವ ರೂಢಿ ಹೀಗೆ ಆರಂಭವಾಯಿತು. ಮುಂದೆ ಬ್ರಿಗೆಲ್ ಅವರ ತುಳು ವ್ಯಾಕರಣ 1872ರಲ್ಲಿ, ಮ್ಯಾನರ್ ಅವರ ತುಳು-ಇಂಗ್ಲಿಷ್ ನಿಘಂಟು 1886ರಲ್ಲಿ, ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಬಂದವು. ವಾಕ್ಯವನ್ನು ಸರಿಯಾಗಿ ತಿಳಿಸಬೇಕೆಂಬ ಹಂಬಲದಿಂದ ಹುಟ್ಟಿದ ಈ ಕೃತಿಗಳು ಎಲ್ಲ ಧರ್ಮದವರ ಆಸ್ತಿಯಾದವು.

ಆದರೆ ಈ ಮಿಶನರಿಗಳ ತಿಳಿವಳಿಕೆಗೂ ಮಿತಿ ಇತ್ತು. ತುಳುವರ ಭೂತಾರಾಧನೆಯನ್ನು ಅವರ ಕಾಲದ ಯುರೋಪಿಯನ್ನರು ಪಿಶಾಚಿಯ ಪೂಜೆ ಎಂದು ಬರೆದರು. ತಮ್ಮ ನಂಬಿಕೆಯನ್ನು ಶೋಧಿಸಿಕೊಂಡಷ್ಟು ಎಚ್ಚರದಿಂದ ಅವರು ನೆರೆಯವರ ನಂಬಿಕೆಯನ್ನು ಅರಿಯಲಿಲ್ಲ. ಹಾಗಿದ್ದೂ ಅದೇ ಮ್ಯಾನರ್ 1886ರಲ್ಲಿ ತುಳುವರ ಪಾಡ್ದನಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಇಂದು ಪಾಡ್ದನಗಳನ್ನು ಅಧ್ಯಯನ ಮಾಡುವವರಿಗೆ ಆ ಪುಸ್ತಕ ಬೇಕೇ ಬೇಕು. ಮನುಷ್ಯನ ಕೆಲಸ ಕೆಲವೊಮ್ಮೆ ಅವನ ಅಭಿಪ್ರಾಯಕ್ಕಿಂತ ದೊಡ್ಡದಾಗುತ್ತದೆ.

ನಂಬಿಕೆಗೆ ತೆತ್ತ ಬೆಲೆ

ಬಾಸೆಲ್ ಮಿಶನ್ನಿನವರು ಹೆಚ್ಚಾಗಿ ದಕ್ಷಿಣ ಜರ್ಮನಿಯ ವ್ಯುರ್ಟೆಂಬೆರ್ಗ್ ಸೀಮೆಯ ಪಯಟಿಸ್ಟ್ ಪರಂಪರೆಯಿಂದ ಬಂದವರು. ಫಿಲಿಪ್ ಯಾಕೋಬ್ ಸ್ಪೇನರ್ 1675ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಬಲ ಪಡೆದ ಆ ಚಳವಳಿ, ಹುಟ್ಟಿನಿಂದ ಕ್ರೈಸ್ತನಾದರೆ ಸಾಲದು, ಮನೆಮನೆಯಲ್ಲಿ ಕೂಡಿ ವಾಕ್ಯವನ್ನು ಓದಬೇಕು, ಒಳಗಿನಿಂದ ಬದಲಾಗಬೇಕು ಎಂದು ಒತ್ತಿ ಹೇಳಿತು. ಆದುದರಿಂದ ಇಲ್ಲಿಯೂ ದೀಕ್ಷಾಸ್ನಾನ ಕೇಳಿ ಬಂದವನನ್ನು ಕೂಡಲೇ ಸೇರಿಸಿಕೊಳ್ಳದೆ ಉಪದೇಶ ಕೊಟ್ಟು, ನಡತೆ ನೋಡಿ, ಆಮೇಲೆ ತೀರ್ಮಾನಿಸುತ್ತಿದ್ದರು.

1844ರ ಜನವರಿಯಲ್ಲಿ ಮಂಗಳೂರಿನ ಸಾರಸ್ವತ ಕುಲದ ಆನಂದರಾವ್ ಕೌಂಡಿನ್ಯ, ಇನ್ನಿಬ್ಬರು ಯುವಕರೊಂದಿಗೆ ಕ್ರೈಸ್ತನಾದದ್ದು ದೊಡ್ಡ ಕೋಲಾಹಲಕ್ಕೆ ಕಾರಣವಾಯಿತು. ಮೊದಲ ಕನ್ನಡ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದ ಹರ್ಮನ್ ಮ್ಯೋಗ್ಲಿಂಗ್ ಅವರ ಹೆಸರನ್ನು ಕೂಡಿಸಿಕೊಂಡು ಅವರು ಹರ್ಮನ್ ಆನಂದರಾವ್ ಕೌಂಡಿನ್ಯ ಎನಿಸಿದರು. ಬಾಸೆಲಿನಲ್ಲಿ ಓದಿ ಬಂದು ಉಪದೇಶಕರಾದರು. ಅವರ ಹೆಂಡತಿ ಜೊತೆಯಲ್ಲಿ ಬರಲಿಲ್ಲ. ಒಬ್ಬನ ಆತ್ಮಸಾಕ್ಷಿಯ ನಿರ್ಧಾರದ ಬೆಲೆಯನ್ನು ಮನೆಯ ಉಳಿದವರೂ ತೆರಬೇಕಾಗುತ್ತದೆ ಎಂಬುದನ್ನು ಮರೆಯುವಂತಿಲ್ಲ. ನಂಬಿಕೆಯ ಚರಿತ್ರೆ ಬರೆಯುವವರು ಹೋದವನ ಧೈರ್ಯವನ್ನು ಬರೆಯುತ್ತಾರೆ, ಉಳಿದವಳ ದುಃಖವನ್ನು ಬರೆಯುವುದು ಕಡಿಮೆ.

ಮಿಶನ್ನಿಗೆ ಸೇರಿದವರಲ್ಲಿ ಬಹುಮಂದಿ ಬಿಲ್ಲವರು. ಅಳಿಯಸಂತಾನದ ಕುಟುಂಬದಿಂದ ಹೊರಬಿದ್ದವನಿಗೆ ಮನೆ, ಆಸ್ತಿ ಎರಡೂ ತಪ್ಪುವ ಭಯವಿತ್ತು. ಮತ ಬದಲಿಸಿದ ಮಾತ್ರಕ್ಕೆ ಆಸ್ತಿಯ ಹಕ್ಕು ಹೋಗಬಾರದೆಂಬ ಕಾನೂನು 1850ರಲ್ಲಿ ಬಂದರೂ, ಕಾನೂನಿನ ಪುಸ್ತಕಕ್ಕೂ ಮನೆಯ ಅಂಗಳಕ್ಕೂ ಅಂತರವಿತ್ತು. ಶೇಂದಿ ಇಳಿಸುವ ಕಸುಬನ್ನು ಮಿಶನ್ ಒಪ್ಪುತ್ತಿರಲಿಲ್ಲ. ಹಾಗಾಗಿ ಹೊಟ್ಟೆಪಾಡಿಗೆ ನೇಯ್ಗೆ ಕಾರ್ಖಾನೆ, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭವಾದವು. ಮಂಗಳೂರು ಹಂಚಿನ ಕೀರ್ತಿ ಅಲ್ಲಿಂದ ಹರಡಿತು.

ಕಾರ್ಖಾನೆಯ ಜೊತೆಗೆ ಸಂಶಯವೂ ಬಂತು. ಇವರು ವಾಕ್ಯಕ್ಕಾಗಿ ಬಂದವರೇ, ಕೂಲಿಗಾಗಿ ಬಂದವರೇ? ಈ ಪ್ರಶ್ನೆಯನ್ನು ಹೊರಗಿನವರು ಕೇಳಿದರು, ಮಿಶನರಿಗಳೂ ತಮ್ಮೊಳಗೆ ಕೇಳಿಕೊಂಡರು. ಮನುಷ್ಯನ ಉದ್ದೇಶ ಹಲವು ಎಳೆಗಳು ಸೇರಿ ಹೊಸೆದ ಹಗ್ಗ. ಹಸಿವು, ಅವಮಾನದಿಂದ ಬಿಡುಗಡೆ, ಓದುವ ಆಸೆ, ದೇವರ ಹಂಬಲ ಇವುಗಳಲ್ಲಿ ಒಂದನ್ನು ಮಾತ್ರ ಎಳೆದು ಇದೇ ನಿಜವಾದ ಕಾರಣ ಎನ್ನಲು ಬಾರದು. ಆದರೆ ಒಂದು ಕಾಲದಲ್ಲಿ ಪರೀಕ್ಷೆ ತಾನಾಗಿಯೇ ಒದಗಿತು. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಜರ್ಮನ್ ಮಿಶನರಿಗಳು ಶತ್ರು ದೇಶದವರೆಂದು ಬಂಧನಕ್ಕೊಳಗಾದರು. ಅವರನ್ನು ದೇಶದಿಂದ ಕಳುಹಿಸಲಾಯಿತು. ಕಾರ್ಖಾನೆಗಳು ಬೇರೆಯವರ ಕೈಸೇರಿದವು. ಆಸರೆ ಹೋಯಿತು, ಆದರೆ ಸಭೆಗಳು ಚದುರಲಿಲ್ಲ. ಊರಿನ ಉಪದೇಶಕರು, ಶಾಲಾ ಮೇಷ್ಟ್ರುಗಳು ಸೇರಿ ಅವನ್ನು ನಡೆಸಿದರು. 1947ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಸಭೆಯ ಅಂಗವಾಗಿ ಇಂದಿಗೂ ಅವು ನಡೆಯುತ್ತಿವೆ. ಕೊಟ್ಟವನು ಹೋದ ಮೇಲೆ ಏನು ಉಳಿಯಿತು ಎಂಬುದೇ ಅಂದಿನ ಸಂಶಯಕ್ಕೆ ಸಿಕ್ಕಿದ ಉತ್ತರ.

ಕುಮ್ಸಾರ್ ಮತ್ತು ತೇರ್ಸ್

ಕಥೋಲಿಕರಲ್ಲಿ ಆತ್ಮಪರೀಕ್ಷೆಗೆ ಗೊತ್ತಾದ ಒಂದು ಕ್ರಮವೇ ಇದೆ. ಪಾಪನಿವೇದನೆಗೆ, ಕೊಂಕಣಿಯ ಮಾತಿನಲ್ಲಿ ಕುಮ್ಸಾರಿಗೆ, ಹೋಗುವ ಮುನ್ನ ಹತ್ತು ಆಜ್ಞೆಗಳನ್ನು ಒಂದೊಂದಾಗಿ ನೆನೆದು, ಎಲ್ಲಿ ತಪ್ಪಿದೆ ಎಂದು ಮನಸ್ಸಿನಲ್ಲೇ ನೋಡಿಕೊಳ್ಳಬೇಕು. 1878ರ ಕೊನೆಯಲ್ಲಿ ಮಂಗಳೂರಿಗೆ ಬಂದ ಜೆಸುಯಿತರ ಪರಂಪರೆಯಲ್ಲಿ ಇನ್ನೊಂದು ಅಭ್ಯಾಸವಿದೆ. ಆ ಸಂಘದ ಸ್ಥಾಪಕ ಸಂತ ಇಗ್ನೇಷಿಯಸ್ ಲೊಯೋಲಾ, 1548ರಲ್ಲಿ ಅಚ್ಚಾದ ತಮ್ಮ 'ಆಧ್ಯಾತ್ಮಿಕ ಸಾಧನೆ'ಗಳಲ್ಲಿ ಅದನ್ನು ಕಲಿಸಿದ್ದಾರೆ. ದಿನದ ಕೊನೆಗೆ ಮೊದಲು ಸಿಕ್ಕಿದ ಒಳಿತಿಗಾಗಿ ಕೃತಜ್ಞತೆ ಸಲ್ಲಿಸಬೇಕು, ಆಮೇಲೆ ಬೆಳಕು ಬೇಡಬೇಕು, ದಿನವನ್ನು ಗಂಟೆ ಗಂಟೆಯಾಗಿ ನೆನೆಯಬೇಕು, ತಪ್ಪಿಗೆ ಕ್ಷಮೆ ಕೇಳಬೇಕು, ನಾಳೆಗೆ ಸಂಕಲ್ಪ ಮಾಡಬೇಕು. ಕೃತಜ್ಞತೆ ಮೊದಲು, ತಪ್ಪಿನ ಲೆಕ್ಕ ಆಮೇಲೆ ಎಂಬ ಈ ಅನುಕ್ರಮದಲ್ಲಿ ಅನುಭವದ ಮಾತಿದೆ. ಇಗ್ನೇಷಿಯಸ್ ಸ್ವತಃ ಒಂದು ಕಾಲದಲ್ಲಿ ತಮ್ಮ ಪಾಪಗಳನ್ನೇ ಕೆದಕಿ ಕೆದಕಿ ಹತಾಶರಾಗಿದ್ದವರು. ಅದೇ ಶತಮಾನದಲ್ಲಿ ಮಾರ್ಟಿನ್ ಲೂಥರ್ ಕೂಡ ಮಠದಲ್ಲಿದ್ದಾಗ ಅದೇ ಯಾತನೆ ಪಟ್ಟರು. ಒಬ್ಬರು ಪ್ರೊಟೆಸ್ಟೆಂಟ್ ಚಳವಳಿಯ ಮುಂದಾಳು, ಇನ್ನೊಬ್ಬರು ಕಥೋಲಿಕ ಸಭೆಯ ಸುಧಾರಕರು. ತನ್ನನ್ನೇ ನೋಡುತ್ತ ಕುಳಿತರೆ ನೆಮ್ಮದಿಯಿಲ್ಲ, ಕೊಟ್ಟ ಮಾತಿನ ಕಡೆಗೆ ನೋಡಬೇಕು ಎಂಬ ತೀರ್ಮಾನಕ್ಕೆ ಇಬ್ಬರೂ ತಮ್ಮ ತಮ್ಮ ದಾರಿಯಿಂದ ಬಂದರು. ದೇವರ ಮಾತಿನಲ್ಲಿ ಭರವಸೆ ಇಲ್ಲದ ಆತ್ಮಪರೀಕ್ಷೆ ಮನುಷ್ಯನನ್ನು ಕೊರೆಯುತ್ತದೆ. ಆತ್ಮಪರೀಕ್ಷೆ ಇಲ್ಲದ ಭರವಸೆ ಜಂಭವಾಗುತ್ತದೆ.

ಮನೆಗಳಲ್ಲಿ ಸಂಜೆ ದೀಪ ಹಚ್ಚುವ ಹೊತ್ತಿಗೆ ತೇರ್ಸ್ ಪ್ರಾರ್ಥನೆ ನಡೆಯುತ್ತದೆ. ಜಪಸರದ ಒಂದೊಂದು ಹತ್ತಿಗೂ ಯೇಸುವಿನ ಜೀವನದ ಒಂದೊಂದು ಘಟನೆಯನ್ನು ಧ್ಯಾನಿಸಬೇಕು. ಓದು ಬಾರದ ಅಜ್ಜಿಯಂದಿರಿಗೆ ಇದೇ ಬೈಬಲ್ ಆಗಿತ್ತು. ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ಹಿರಿಯರ ಮುಂದೆ ಕೈಮುಗಿದು ಬೆಸಾಂವ್, ಅಂದರೆ ಆಶೀರ್ವಾದ, ಕೇಳುತ್ತಾರೆ. ಹಗಲಿನಲ್ಲಿ ಜಗಳವಾಡಿದ ಅಣ್ಣತಮ್ಮಂದಿರೂ ಆಗ ಒಬ್ಬರನ್ನೊಬ್ಬರು ಎದುರಿಸಲೇಬೇಕು. ದೊಡ್ಡ ದೊಡ್ಡ ಗ್ರಂಥಗಳು ಹೇಳುವ ಆತ್ಮಪರೀಕ್ಷೆಯ ಮನೆಮಟ್ಟದ ರೂಪ ಇದು.

ಎರಡನೆಯ ವ್ಯಾಟಿಕನ್ ಮಹಾಸಭೆ ದೊಡ್ಡ ಬದಲಾವಣೆ ತಂದಿತು. 1963ರ ಡಿಸೆಂಬರಿನಲ್ಲಿ ಪೂಜಾವಿಧಿಯಲ್ಲಿ ಜನಭಾಷೆಗೆ ಅವಕಾಶ ದೊರೆಯಿತು. 1965ರ ನವೆಂಬರಿನಲ್ಲಿ ಹೊರಬಂದ ದೈವಿಕ ಪ್ರಕಟನೆಯ ಕುರಿತ ಶಾಸನ, ಬೈಬಲ್ ಎಲ್ಲ ಭಕ್ತರಿಗೂ ಸುಲಭವಾಗಿ ದೊರೆಯಬೇಕೆಂದು ವಿಧಿಸಿತು. ಆ ಬಳಿಕ ಇಗರ್ಜಿಯಲ್ಲಿ ಕೊಂಕಣಿ, ಕನ್ನಡಗಳು ಕೇಳಿಸತೊಡಗಿದವು. ಅರ್ಥವಾಗದ ಮಾತಿಗೆ ಭಕ್ತಿಯಿಂದ ತಲೆಬಾಗಬಹುದು. ಅರ್ಥವಾದ ಮಾತು ಮಾತ್ರ ಮನುಷ್ಯನನ್ನು ಪ್ರಶ್ನಿಸಬಲ್ಲದು. ನೆರೆಯವನನ್ನು ಪ್ರೀತಿಸು ಎಂಬುದು ಲ್ಯಾಟಿನ್ನಿನಲ್ಲಿ ಮಂತ್ರದಂತೆ ಕೇಳಿಸಿದರೆ, ಕೊಂಕಣಿಯಲ್ಲಿ ಕೇಳಿದಾಗ ಗಡಿಕಲ್ಲಿನ ಆಚೆ ಇರುವ ನೆರೆಯವನ ಮುಖ ನೆನಪಾಗುತ್ತದೆ.

ಘಟ್ಟದ ಬುಡದ ಹೊಸ ನೆಲೆ

ಬೆಳ್ತಂಗಡಿಯ ಕಥೆ ಸ್ವಲ್ಪ ಬೇರೆ. ಕಳೆದ ಶತಮಾನದ ನಡುಭಾಗದಲ್ಲಿ ತಿರುವಾಂಕೂರು ಸೀಮೆಯ ರೈತರು ಮಲಬಾರಿಗೆ, ಅಲ್ಲಿಂದ ದಕ್ಷಿಣ ಕನ್ನಡದ ಕಾಡಂಚಿಗೆ ವಲಸೆ ಬಂದರು. ರಬ್ಬರ್, ಕಾಳುಮೆಣಸು, ಅಡಿಕೆ ಬೆಳೆದರು. ಸಂತ ತೋಮಾಸನಿಂದ ತಮ್ಮ ಪರಂಪರೆ ಆರಂಭವಾಯಿತೆಂದು ನಂಬುವ ಇವರ ಪೂಜಾವಿಧಿ ಮೂಲತಃ ಸಿರಿಯಾಕ್ ಭಾಷೆಯದು. 1962ರಲ್ಲಿ ಅದು ಮಲಯಾಳಕ್ಕೆ ಬಂತು. 1999ರಲ್ಲಿ ಬೆಳ್ತಂಗಡಿಯನ್ನು ಕೇಂದ್ರವಾಗಿಟ್ಟುಕೊಂಡು ಸಿರೋ-ಮಲಬಾರ್ ಧರ್ಮಪ್ರಾಂತ ಸ್ಥಾಪನೆಯಾಯಿತು. ಲಾರೆನ್ಸ್ ಮುಕ್ಕುಯಿ ಅವರು ಅದರ ಮೊದಲ ಬಿಷಪ್.

ಇಲ್ಲಿ ಹುಟ್ಟಿ ಕನ್ನಡ ಶಾಲೆಯಲ್ಲಿ ಓದಿ, ಅಂಗಡಿಯಲ್ಲಿ ತುಳು ಮಾತನಾಡುವ ಮೊಮ್ಮಗನಿಗೆ ಅಜ್ಜನ ಮಲಯಾಳ ಪ್ರಾರ್ಥನೆ ಎಷ್ಟು ತಟ್ಟುತ್ತದೆ? ವಾಕ್ಯ ಯಾವ ಭಾಷೆಯಲ್ಲಿ ಬರಬೇಕು? 1834ರಲ್ಲಿ ಬಾಸೆಲ್‌ನಿಂದ ಬಂದವರಿಗೆ, 1963ರಲ್ಲಿ ರೋಮಿನಲ್ಲಿ ಕೂಡಿದವರಿಗೆ ಎದುರಾದ ಪ್ರಶ್ನೆಯೇ ಬೇರೆ ರೂಪದಲ್ಲಿ ಘಟ್ಟದ ಬುಡದ ಮನೆಗಳಿಗೂ ಬಂದಿದೆ. ಭಾಷೆಯನ್ನು ಕಳೆದುಕೊಂಡರೆ ಅಜ್ಜನ ನಂಬಿಕೆಯ ಕಂಪು ಹೋಗುತ್ತದೆ. ಭಾಷೆಗೇ ಅಂಟಿಕೊಂಡರೆ ಮೊಮ್ಮಗನಿಗೆ ಮಾತು ತಲುಪುವುದಿಲ್ಲ. ಎರಡನ್ನೂ ತೂಗಿಸಿಕೊಂಡು ಹೋಗುವ ಕಷ್ಟ ವಲಸೆ ಬಂದ ಎಲ್ಲ ಜನರದೂ ಹೌದು.

ಒರೆಗಲ್ಲು ಯಾವುದು?

ಹಾಗಾದರೆ ನಂಬಿಕೆಯನ್ನು ಯಾವುದರಿಂದ ಪರೀಕ್ಷಿಸಬೇಕು? ಇಗರ್ಜಿಗೆ ಎಷ್ಟು ಬಾರಿ ಹೋದೆ, ಎಷ್ಟು ಅಧ್ಯಾಯ ಓದಿದೆ ಎಂಬುದು ಲೆಕ್ಕಕ್ಕೆ ಸುಲಭ. ಆದರೆ ಯೇಸು ಕೊಟ್ಟ ಒರೆಗಲ್ಲು ಬೇರೆ. ಮರವನ್ನು ಹಣ್ಣಿನಿಂದ ತಿಳಿಯಬೇಕು. ಮಾತನ್ನು ಕೇಳಿ ನಡೆದವನು ಬಂಡೆಯ ಮೇಲೆ ಮನೆ ಕಟ್ಟಿದವನು, ಕೇಳಿ ಬಿಟ್ಟವನು ಮರಳಿನ ಮೇಲೆ ಕಟ್ಟಿದವನು. ಮನೆ ಎರಡೂ ನೋಡಲು ಒಂದೇ ಥರ; ವ್ಯತ್ಯಾಸ ತಿಳಿಯುವುದು ನೆರೆ ಬಂದಾಗ. ನೇತ್ರಾವತಿಯ ಮಳೆಗಾಲವನ್ನು ಕಂಡ ಬಂಟ್ವಾಳದವರಿಗೆ ಈ ದೃಷ್ಟಾಂತವನ್ನು ವಿವರಿಸಿ ಹೇಳಬೇಕಾಗಿಲ್ಲ. ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎಂದು ಯಾಕೋಬನ ಪತ್ರವೂ ಹೇಳುತ್ತದೆ.

ಈ ಒರೆಗಲ್ಲಿಗೆ ಉಜ್ಜಿದರೆ ಎಲ್ಲ ಸಭೆಗಳಲ್ಲೂ ಮಾಸಲು ಗೆರೆಗಳು ಕಾಣುತ್ತವೆ. ಗೋವೆಯಿಂದ ಬಂದ ಕಥೋಲಿಕರು ಜಾತಿಯನ್ನೂ ಹೊತ್ತು ತಂದರು. ಬಾಮಣ, ಚಾರಡಿ, ಶೂದಿರ್ ಎಂಬ ಭೇದಗಳು ಮದುವೆಯ ಮಾತುಕತೆಯಲ್ಲಿ ಬಹುಕಾಲ ಉಳಿದವು. ಬಾಸೆಲ್ ಮಿಶನ್ ಜಾತಿಯನ್ನು ಕಟ್ಟುನಿಟ್ಟಾಗಿ ವಿರೋಧಿಸಿತು. ಭಾರತದ ಕಥೋಲಿಕ ಬಿಷಪರ ಸಮ್ಮೇಳನ 2016ರಲ್ಲಿ ದಲಿತ ಕ್ರೈಸ್ತರ ಕುರಿತು ಹೊರಡಿಸಿದ ನೀತಿಯಲ್ಲಿ, ಅಸ್ಪೃಶ್ಯತೆಯ ಆಚರಣೆ ಘೋರ ಸಾಮಾಜಿಕ ಪಾಪವೆಂದು ಒಪ್ಪಿಕೊಂಡಿತು. ಎಲ್ಲರೂ ಒಂದೇ ಮೇಜಿನಲ್ಲಿ ಪ್ರಸಾದ ಸ್ವೀಕರಿಸುವವರು ಎಂಬ ಬೋಧನೆ ಇಪ್ಪತ್ತು ಶತಮಾನ ಹಳೆಯದು. ಅದರ ಬೆಳಕಿನಲ್ಲಿ ತಮ್ಮನ್ನು ನೋಡಿಕೊಂಡು ತಪ್ಪನ್ನು ಹೆಸರಿಟ್ಟು ಕರೆಯಲು ಇಷ್ಟು ಕಾಲ ಬೇಕಾಯಿತು. ವಾಕ್ಯವನ್ನು ನಂಬಿದ್ದೇವೆ ಎಂದುಕೊಂಡವರನ್ನು ವಾಕ್ಯವೇ ತಡವಾಗಿಯಾದರೂ ಹಿಡಿದು ನಿಲ್ಲಿಸಿತು ಎನ್ನಬೇಕು.

ಜೈನರಲ್ಲಿ ಪ್ರತಿಕ್ರಮಣ ಎಂಬ ಆಚರಣೆಯಿದೆ. ಮಾಡಿದ ತಪ್ಪುಗಳನ್ನು ನೆನೆದು ಹಿಂದಿರುಗುವುದು ಎಂದು ಅದರ ಅರ್ಥ. ಸಾವಿರ ಕಂಬದ ಬಸದಿಯ ಊರಿನಲ್ಲಿ ಪ್ರತಿಕ್ರಮಣ ಮಾಡುವ ಜೈನನೂ, ಪಕ್ಕದ ಇಗರ್ಜಿಯಲ್ಲಿ ಕುಮ್ಸಾರಿಗೆ ಮೊಣಕಾಲೂರುವ ಕಥೋಲಿಕನೂ, ಮನೆಯಲ್ಲಿ ಸತ್ಯವೇದ ತೆರೆದು ಕುಳಿತ ಪ್ರೊಟೆಸ್ಟೆಂಟನೂ, ಆಣೆಗೆ ಅಂಜಿ ಸುಳ್ಳು ಹೇಳದೆ ಹಿಂದೆ ಸರಿಯುವ ಧರ್ಮಸ್ಥಳದ ಭಕ್ತನೂ ನಂಬುವ ತತ್ವಗಳು ಬೇರೆ ಬೇರೆ. ಆ ಭೇದವನ್ನು ಇಲ್ಲವೆನ್ನುವುದು ಯಾರಿಗೂ ಗೌರವವಲ್ಲ. ಆದರೆ ನಂಬಿದ ಮಾತಿನ ಎದುರಿಗೆ ತನ್ನ ನಡತೆಯನ್ನು ತಂದು ನಿಲ್ಲಿಸುವ ಧೈರ್ಯ ಅವರೆಲ್ಲರಲ್ಲೂ ಒಂದೇ.

ಪರರ ನಂಬಿಕೆಯನ್ನು ಪರೀಕ್ಷಿಸುವ ಉತ್ಸಾಹ ಲೋಕದಲ್ಲಿ ಎಂದಿಗೂ ಕಡಿಮೆಯಾದದ್ದಿಲ್ಲ. ಅರಸರು ಮಾಡಿದ್ದಾರೆ, ಮಿಶನರಿಗಳು ಮಾಡಿದ್ದಾರೆ, ನೆರೆಹೊರೆಯವರು ಮಾಡುತ್ತಲೇ ಇದ್ದಾರೆ. ಪೌಲನ ಪತ್ರದ ಮಾತು ಹೇಳುವುದು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಬೇಕೆಂದು. ದೇವರು ಮಾತು ಬಿಡುವುದಿಲ್ಲ ಎಂದು ನಂಬಿದವನಿಗೆ ಉಳಿಯುವ ಪ್ರಶ್ನೆ ಒಂದೇ: ತಾನು ಕೊಟ್ಟ ಮಾತನ್ನು ತಾನು ಉಳಿಸಿಕೊಂಡಿದ್ದೇನೆಯೆ?